ಅಂಗಳದ ಅಡಿಕೆಯೂ ಆಕಾಶದ ಮೋಡವೂ

ಕರಾವಳಿಗೂ ಚಳಿಗಾಲವೆಂಬುದೊಂದು ಉಂಟೆ ಎಂದು ಘಟ್ಟದ ಮೇಲಿನವರು ನಗುವುದುಂಟು. ಕೊಡಗಿನವರು ನಕ್ಕರೆ ತಪ್ಪೂ ಅಲ್ಲ. ಆದರೆ ಪುತ್ತೂರು ತಾಲೂಕಿನ ಅಂಚಿನಲ್ಲಿ, ಕೇರಳದ ಗಡಿಗೆ ಒತ್ತಿಕೊಂಡಿರುವ ಈಶ್ವರಮಂಗಲದಲ್ಲಿ ಧನುರ್ಮಾಸದ ಒಂದು ಮುಂಜಾನೆ ಹನುಮಗಿರಿಯನ್ನೇರಿ ಕೆಳಗೆ ನೋಡಿದವರಿಗೆ ಈ ಸಂಶಯ ಉಳಿಯಲಾರದು. ತುಳುವರು ಪೆರಾರ್ದೆ ಎಂದು ಕರೆಯುವ ತಿಂಗಳದು. ದೇವಸ್ಥಾನಗಳಲ್ಲಿ ಧನುಪೂಜೆಯ ಗಂಟೆ ಕೇಳಿಸುವ ಹೊತ್ತಿಗೆ ಜನ ಶಾಲು ಹೊದ್ದು ನಡೆಯುತ್ತಿರುತ್ತಾರೆ. ಬೈಲಿನಲ್ಲಿ ತೋಟವೇ ಕಾಣದು. ಬಿಳಿಯ ಕೆರೆಯೊಂದರ ನಡುವಿನಿಂದೆಂಬಂತೆ ಕಂಗುಗಳ ತಲೆಗಳು ಮಾತ್ರ ಅಲ್ಲಲ್ಲಿ ಎದ್ದು ನಿಂತಿರುತ್ತವೆ.

ಈ ಮಂಜು ಬೇರೇನೂ ಅಲ್ಲ, ನೆಲಕ್ಕಿಳಿದು ಕುಳಿತ ಮೋಡವೇ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಸದಾ ಇರುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಅದು ಹೊರಬಲ್ಲ ಆವಿ ಹೆಚ್ಚು: ಒಂದು ಘನ ಮೀಟರ್ ಗಾಳಿಯಲ್ಲಿ 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 30 ಗ್ರಾಂ, 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಚಳಿಗಾಲದ ಸ್ವಚ್ಛವಾದ ರಾತ್ರಿಯಲ್ಲಿ ನೆಲವು ಹಗಲಿನ ಕಾವನ್ನು ಆಕಾಶಕ್ಕೆ ಚೆಲ್ಲಿ ತಣಿಯುತ್ತದೆ. ಅದನ್ನು ತಾಗಿದ ಗಾಳಿಯೂ ತಣಿದು, ಭಾರವಾಗಿ, ಗುಡ್ಡದ ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ಬೈಲನ್ನು ಸೇರುತ್ತದೆ. ಅಲ್ಲಿ ತೋಡಿನ ಪಸೆ, ನೀರುಣಿಸಿದ ತೋಟದ ಪಸೆ. ಹಿಡಿಸದೆ ಉಳಿದ ಆವಿ ಹನಿಗಟ್ಟದೆ ಏನು ಮಾಡೀತು?

ಹನಿಗಟ್ಟುವುದಕ್ಕೆ ತಣಿವೊಂದೇ ಸಾಲದು, ಆಶ್ರಯವೂ ಬೇಕು. ಸ್ಕಾಟ್ಲೆಂಡಿನ ಜಾನ್ ಏಟ್ಕೆನ್ ಎಂಬ ವಿಜ್ಞಾನಿ 1880ರ ಸುಮಾರಿಗೆ ಎರಡು ಗಾಜಿನ ಪಾತ್ರೆಗಳಲ್ಲಿ ಇದನ್ನು ತೋರಿಸಿದನು. ಒಂದರಲ್ಲಿ ಸಾಧಾರಣ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟಾಗ ಮೊದಲನೆಯದು ಮಂಜಿನಿಂದ ತುಂಬಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ಧೂಳು, ಹೊಗೆ, ಕಡಲಿನ ಉಪ್ಪು ಇವುಗಳ ಅತಿಸೂಕ್ಷ್ಮ ಕಣಗಳನ್ನು ಹಿಡಿದುಕೊಂಡೇ ಆವಿಯು ಹನಿಯಾಗುತ್ತದೆ. ಮೋಡದ ಘಟಕಗಳನ್ನು ಹೇಳುವಾಗ ಕಾಳಿದಾಸನು ‘ಮೇಘದೂತ’ದಲ್ಲಿ ಹೊಗೆಯನ್ನೂ ಸೇರಿಸಿದ್ದನ್ನು ಕವಿಕಲ್ಪನೆಯೆಂದು ತಳ್ಳಿಹಾಕುವವರು ಬಚ್ಚಲ ಒಲೆಯ ಹೊಗೆಯನ್ನು ಒಮ್ಮೆ ನೋಡಬೇಕು. ಚಳಿಯ ಬೆಳಗ್ಗೆ ಅದು ಮೇಲೇರದೆ ಕಂಗಿನ ಎತ್ತರದಲ್ಲಿಯೇ ಚಾಪೆಯಂತೆ ಹಾಸಿಕೊಳ್ಳುತ್ತದೆ. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ. ಹೊಗೆಗೆ ಮುಂದೆ ದಾರಿಯಿಲ್ಲ, ಮಂಜಿಗೂ ಇಲ್ಲ.

ಬಿಸಿಲೇರಿ ನೆಲ ಕಾದೊಡನೆ ಈ ಕೆರೆ ಬತ್ತಿಹೋಗುತ್ತದೆ. ಕೃಷಿಕನಿಗೆ ಬೇಕಾದುದೂ ಅದೇ. ಏಕೆಂದರೆ ಅವನ ಒಂದು ವರ್ಷದ ದುಡಿಮೆ ಆ ಹೊತ್ತಿನಲ್ಲಿ ಅಂಗಳದಲ್ಲಿ ಬಿದ್ದಿರುತ್ತದೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಹರವಿ, ದಿನದಿನವೂ ಕೈಯಾಡಿಸುತ್ತ, ಸುಮಾರು 40 ದಿನ ಬಿಸಿಲಿಗೆ ಒಣಗಿಸಿದರಷ್ಟೇ ಸುಲಿದಾಗ ಒಳ್ಳೆಯ ಚಾಲಿ ದೊರೆಯುವುದು. ನಡುವೆ ಒಂದೆರಡು ಮಳೆ ಬಿದ್ದು ಪಸೆ ಒಳಗಿಳಿದರೆ ಬೂಸು ಹಿಡಿಯುತ್ತದೆ, ಬಣ್ಣ ಕಪ್ಪಿಡುತ್ತದೆ. 1973ರಲ್ಲಿ ಸ್ಥಾಪಿತವಾದ ಮಂಗಳೂರಿನ ಕ್ಯಾಂಪ್ಕೊ ಆಗಲಿ, ಪೇಟೆಯ ವರ್ತಕನಾಗಲಿ, ದರ ಕಟ್ಟುವುದು ಗುಣವನ್ನು ನೋಡಿಯೇ. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಬ್ಯಾಂಕಿನ ಸಾಲ, ಎಲ್ಲವೂ ಆ ಅಂಗಳದ ಮೇಲೆ ಹರವಿಕೊಂಡಿರುತ್ತವೆಯೆಂದರೆ ಅತಿಶಯೋಕ್ತಿಯಲ್ಲ.

ಭಯವಿರುವುದು ನೆಲದ ಮೋಡದಿಂದಲ್ಲ, ಎತ್ತರದ ಮೋಡದಿಂದ. ಅದರ ಹುಟ್ಟೂ ತಣಿವಿನಿಂದಲೇ, ಆದರೆ ತಣಿಯುವ ಬಗೆ ಬೇರೆ. ಮೇಲೇರಿದ ಗಾಳಿಯ ಮೇಲೆ ಒತ್ತಡ ಕಡಿಮೆಯಾಗುತ್ತದೆ, ಅದು ಹಿಗ್ಗುತ್ತದೆ, ಹಿಗ್ಗಿದಂತೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತ ಹೋಗಿ, ಆವಿ ಮಿಕ್ಕುವ ಎತ್ತರದಲ್ಲಿ ಮೋಡ ಕಟ್ಟುತ್ತದೆ. ಮೋಡದ ಹನಿಯಾದರೋ ತೀರ ಸಣ್ಣದು. ಸುಮಾರು ಹತ್ತು ಲಕ್ಷ ಹನಿಗಳು ಕೂಡಿದರೆ ಒಂದು ಮಳೆಹನಿ. ಆಷಾಢದಲ್ಲಿ ಪಶ್ಚಿಮದ ಕಡಲ ಗಾಳಿ ಘಟ್ಟವನ್ನು ಹತ್ತುತ್ತಲೇ ಈ ತುಳುನಾಡನ್ನು ತೋಯಿಸುವುದು ಹೀಗೆ. ಚಳಿಗಾಲದಲ್ಲಿ ನಾಟಕ ತಿರುಗುಮುರುಗು. ಗಾಳಿ ಮೂಡಣದಿಂದ ಬೀಸಿ ಘಟ್ಟವನ್ನು ಇಳಿಯುತ್ತದೆ. ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಅದರಲ್ಲಿ ಮೋಡ ಕಟ್ಟುವುದಿಲ್ಲ. ಅಡಿಕೆ ಒಣಗುವುದು ಈ ಇಳಿಗಾಳಿಯ ಕೃಪೆಯಿಂದಲೇ.

ಬಂಗಾಳ ಕೊಲ್ಲಿಯಲ್ಲಿಯೋ ಲಕ್ಷದ್ವೀಪದ ಬಳಿಯಲ್ಲಿಯೋ ವಾಯುಭಾರ ಕುಸಿದರೆ ಈ ಏರ್ಪಾಡು ಕೆಡುತ್ತದೆ. ಕಡಲಿನ ಪಸೆ ಒಳನುಗ್ಗುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತ ಕನ್ಯಾಕುಮಾರಿಯ ಬದಿಯಿಂದ ಲಕ್ಷದ್ವೀಪವನ್ನು ದಾಟಿ ಗುಜರಾತಿನತ್ತ ಸಾಗಿತು. 2021ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ವಾಡಿಕೆಗಿಂತ ಬಹುಪಾಲು ಹೆಚ್ಚು ಮಳೆ ಸುರಿದು, ಕೊಯ್ಲಿನ ಬೆಳೆಗಳು ಹಾಳಾದವು. ಹೂ ಬಿಟ್ಟ ಗೇರಿಗೂ ಮೋಡದ ದಿನಗಳು ಹಿತವಲ್ಲ. ಟೀ ಸೊಳ್ಳೆಯೆಂಬ ಕೀಟಕ್ಕೆ ಅಂಥ ಹವೆಯೇ ಹಬ್ಬ.

ಇಂಥ ಮೋಡ ಹೆಚ್ಚಾಗಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಆಕಾಶಕ್ಕೆ ತೆಳ್ಳನೆಯ ಪೊರೆ ಕವಿದ ರಾತ್ರಿ ನೆಲದ ಕಾವು ಹೊರಗೆ ಹೋಗಲಾರದೆ ಉಳಿಯುತ್ತದೆ. ಕಂಬಳಿ ಬೇಡವೆನಿಸುತ್ತದೆ, ಬೆಳಗ್ಗೆ ಮಂಜು ಕಾಣುವುದಿಲ್ಲ. ಪೇಟೆಯಿಂದ ಬಂದ ನೆಂಟರು ‘ಇವತ್ತು ಚಳಿಯೇ ಇಲ್ಲ, ಹಾಯಾಗಿದೆ’ ಎನ್ನುವಾಗ ಮನೆಯ ಯಜಮಾನನು ಮಾತಾಡದೆ ಎದ್ದು ಹೋಗಿ ಟಾರ್ಪಾಲು ಹುಡುಕುತ್ತಿರುತ್ತಾನೆ. ಮೈ ನಡುಗಿಸುವ ಮಂಜಿನ ಮುಂಜಾನೆಯೇ ಅವನಿಗೆ ಪ್ರಿಯ.

ಈಗ ಅನೇಕ ಅಂಗಳಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಒಣಗಿಸುವ ಗೂಡುಗಳು ಎದ್ದಿವೆ. ಮಳೆಯ ಹೊಡೆತವನ್ನು ಅವು ತಡೆಯುತ್ತವೆ. ಆದರೆ ಬಿಸಿಲಿಲ್ಲದ ದಿನ ಗೂಡಿನೊಳಗೂ ಬಿಸಿಲಿಲ್ಲ. ಒಳಗಣ ಪಸೆ ಪ್ಲಾಸ್ಟಿಕ್ಕಿಗೆ ತಾಗಿ ತಣಿದು, ಹನಿಗಟ್ಟಿ, ಅಡಿಕೆಯ ಮೇಲೆಯೇ ತೊಟ್ಟಿಕ್ಕುವುದುಂಟು. ಅದಕ್ಕಾಗಿಯೇ ಗೂಡಿನ ಎರಡು ಬದಿಗಳಲ್ಲಿಯೂ ಗಾಳಿಗೆ ಕಂಡಿ ಬಿಡುತ್ತಾರೆ.