ಕೆಸರಿನ ಮೇಲೆ ಜಾರುವ ಹಲಗೆ

ಹಿಮದ ನಾಡಿನಲ್ಲಿ ಜಾರುಬಂಡಿಗೆ ಇರುವ ಜಾಗ ಕನ್ನಡನಾಡಿನ ಗದ್ದೆಯಲ್ಲಿ ಹಲಗೆಗೆ ಇದೆ. ಎರಡಕ್ಕೂ ಚಕ್ರವಿಲ್ಲ. ಮೆದು ನೆಲದಲ್ಲಿ ಚಕ್ರ ಹೂತುಹೋಗುತ್ತದೆ. ಅಗಲವಾದ ಮರ ಭಾರವನ್ನು ಹರಡಿಕೊಂಡು ಮೇಲೆಯೇ ಜಾರುತ್ತದೆ. ಜಾರಿಸುವುದು ನೀರು. ಸುಮಾರು 3,900 ವರ್ಷ ಹಿಂದಿನ ಈಜಿಪ್ಟಿನ ಗೋರಿಚಿತ್ರವೊಂದರಲ್ಲಿ, ಭಾರಿ ವಿಗ್ರಹ ಹೊತ್ತ ಜಾರುಬಂಡಿಯ ಮುಂದೆ ಒಬ್ಬ ಮರಳಿಗೆ ನೀರು ಸುರಿಯುತ್ತಿದ್ದಾನೆ. ಹದವಾಗಿ ನೆನೆದ ಮರಳಿನಲ್ಲಿ ಎಳೆಯುವ ಶ್ರಮ ಅರ್ಧಕ್ಕಿಳಿಯುತ್ತದೆಂದು ಆಮ್‌ಸ್ಟರ್‌ಡ್ಯಾಮ್ ವಿಜ್ಞಾನಿಗಳು 2014ರಲ್ಲಿ ತೋರಿಸಿದರು.

ಗದ್ದೆಯ ಹಲಗೆಗೆ ಮರಳಿದರೆ, ನಮ್ಮ ಬಯಲುಸೀಮೆಯ ದೊಡ್ಡಬಳ್ಳಾಪುರ ರಾಗಿಯ ನಾಡು. ಆದರೂ ಕೆರೆ ತುಂಬಿದ ವರ್ಷ ಅದರ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿಯಾಗುತ್ತಿತ್ತು. ನಾಟಿಗೆ ಮುಂಚೆ ಕೆಸರುಗದ್ದೆಗೆ ಹಲಗೆ ಹೊಡೆದು ಮಟ್ಟ ಮಾಡಬೇಕು. ನೊಗಕ್ಕೆ ಹಗ್ಗದಿಂದ ಬಿಗಿದ ಹಲಗೆಯ ಮೇಲೆ ಆಳು ನಿಲ್ಲುತ್ತಾನೆ. ಅವನ ಮೈಭಾರವೇ ಇಲ್ಲಿನ ಉಪಕರಣ. ದಿಬ್ಬ ಬಂದಲ್ಲಿ ಒತ್ತಿ ನಿಂತರೆ ಕೆಸರು ಹಲಗೆಯ ಮುಂದೆ ಕೂಡುತ್ತದೆ. ತಗ್ಗು ಬಂದಲ್ಲಿ ಭಾರ ಸಡಿಲಿಸಿದರೆ ಅದೇ ಕೆಸರು ಅಲ್ಲಿ ಇಳಿದುಕೊಳ್ಳುತ್ತದೆ. ಪಾದದಲ್ಲೇ ಮಟ್ಟ ತಿಳಿಯುವ ಈ ಕಸುಬು ನಿಜಕ್ಕೂ ದೊಡ್ಡದು. ವರ್ಷಗಟ್ಟಲೆ ಉಜ್ಜಿದ ಹಲಗೆಯ ತಳ ಕನ್ನಡಿಯಷ್ಟು ನುಣುಪಾಗಿರುತ್ತದೆ. ಹಲಗೆ ಎಳೆಯುವ ಹಳ್ಳಿಕಾರ್ ತಳಿಯ ಎತ್ತುಗಳ ವ್ಯಾಪಾರಕ್ಕೆ ಇದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಜಾತ್ರೆ ಹೆಸರುವಾಸಿ.

ಕರಾವಳಿಯ ಕಂಬಳದಲ್ಲಿ ಈ ಹಲಗೆ ಪಂದ್ಯದ ಸಾಧನವಾಗಿ ಬೆಳೆದಿದೆ. ಅಡ್ಡ ಹಲಗೆ ವಿಭಾಗದಲ್ಲಿ ಓಡಿಸುವವನು ಅಡ್ಡಕ್ಕಿರುವ ಮರದ ಮೇಲೆ ನಿಂತು ಕೋಣಗಳ ಹಿಂದೆ ಜಾರುತ್ತಾನೆ. ಕೆನೆ ಹಲಗೆಯದು ಇನ್ನೂ ಸೊಗಸು. ರಂಧ್ರ ಕೊರೆದ ಸಣ್ಣ ಮರದ ತುಂಡಿನ ಮೇಲೆ ಒಂದೇ ಕಾಲೂರಿ ನಿಂತವನು ಕೋಣಗಳ ವೇಗಕ್ಕೆ ಮುನ್ನುಗ್ಗುತ್ತಿದ್ದಂತೆ, ರಂಧ್ರಗಳಿಂದ ನೀರು ಚಿಮ್ಮುತ್ತದೆ. ಇಲ್ಲಿ ಗೆಲುವು ಅಳೆಯುವುದು ನೀರಿನ ಎತ್ತರದಿಂದ. ಕರೆ ಎನ್ನುವ ಓಟದ ಕಣದ ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆ ಬಟ್ಟೆಯನ್ನು ನೀರು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂಬುದು ಆ ಎತ್ತರದ ಲೆಕ್ಕ. ಹಗ್ಗ, ನೇಗಿಲು ವಿಭಾಗಗಳಿಗೆ ಹೋಲಿಸಿದರೆ ಹಲಗೆಗೆ ಇಳಿಯುವ ಜೋಡಿಗಳು ಕಡಿಮೆ.

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಈ ಓಟ ಬಯಲುಸೀಮೆಯ ಬಾಗಿಲಿಗೇ ಬಂದಿತ್ತು. ಬಯಲುಸೀಮೆಯ ಸ್ವಂತ ಹಲಗೆಯ ಕೆಲಸವನ್ನು ಮಾತ್ರ ಈಗ ಬಹುಮಟ್ಟಿಗೆ ಟ್ರ್ಯಾಕ್ಟರ್ ಮಾಡುತ್ತಿದೆ. ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಹಳೆಯ ಹಲಗೆ ಉಳಿಸಿಕೊಂಡಿರುವವರು ಅದನ್ನು ಒಲೆಗೆ ಹಾಕದೆ ಕಾಪಾಡಿಕೊಳ್ಳಲಿ.