ಕಣ್ಣಿಗೆ ಒಂದೇ ಕೊಪ್ಪಳ, ಕಂಪ್ಯೂಟರಿಗೆ ಎರಡು

ಪರದೆಯ ಮೇಲೆ ‘ಕೊಪ್ಪಳ’ ಎಂದು ಎರಡು ಸಲ ಇದೆ. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಎರಡೂ ಒಂದೇನಾ ಎಂದು ಪೈಥಾನ್ ಭಾಷೆಯನ್ನು ಕೇಳಿದರೆ ‘ಅಲ್ಲ’ ಎನ್ನಬಹುದು. ಉದ್ದ ಕೇಳಿದರೆ ಒಂದು 6, ಇನ್ನೊಂದು 7!

ಪೈಥಾನ್ ಸುಳ್ಳು ಹೇಳುತ್ತಿಲ್ಲ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಗೆ 3274 ಎಂಬ ಸಂಖ್ಯೆ ಇದೆ. ಅದೇ ಚಿಹ್ನೆಯನ್ನು ಎಕಾರದ 3270 ಮತ್ತು ಊಕಾರದ 3266 ಜೋಡಿಸಿಯೂ ಬರೆಯಬಹುದು. ಎರಡೂ ಸರಿಯೇ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಗಂಗಾವತಿ, ಯಲಬುರ್ಗಾಗಳಿಗೆ ಈ ತೊಡಕಿಲ್ಲ. ಆಮೇಲೆ ತಾಲ್ಲೂಕುಗಳಾದ ಕುಕನೂರು, ಕನಕಗಿರಿ, ಕಾರಟಗಿಗೂ ಇಲ್ಲ. ಸಿಕ್ಕಿಬೀಳುವುದು ಜಿಲ್ಲಾ ಕೇಂದ್ರವೊಂದೇ. ಪಹಣಿಯನ್ನೋ ಪಡಿತರದ ಪಟ್ಟಿಯನ್ನೋ ಹುಡುಕುವ ತಂತ್ರಾಂಶದಲ್ಲಿ ಇದನ್ನು ಗಮನಿಸದಿದ್ದರೆ, ಇರುವ ದಾಖಲೆಯೇ ‘ಇಲ್ಲ’ ಎಂದು ಬರುತ್ತದೆ.

ಇಂಥದ್ದನ್ನು ಹಿಡಿಯಲೆಂದೇ ಸ್ವಯಂಚಾಲಿತ ಪರೀಕ್ಷೆಗಳಿವೆ. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ 1997ರಲ್ಲೇ ತಂತ್ರಾಂಶ ತಜ್ಞರಾದ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುತ್ತ ವಿಮಾನದಲ್ಲೇ ‘ಜೆಯುನಿಟ್’ ಎಂಬ ಪರೀಕ್ಷಾ ಸಾಧನವನ್ನು ಬರೆಯಲು ಕೂತರು. ಅದರ ಮಾದರಿಯ ‘ಯುನಿಟ್‌ಟೆಸ್ಟ್’ 2001ರಲ್ಲಿ ಪೈಥಾನ್ 2.1ರೊಳಗೆ ಸೇರಿತು.

ಪರೀಕ್ಷೆ ಓಡಿದ ಮೇಲೆ ‘ಓಕೆ’ ಎಂದು ತೆರೆಯ ಮೇಲೆ ಮೂಡುವುದನ್ನಷ್ಟೇ ಬಹಳ ಮಂದಿ ನೋಡುತ್ತಾರೆ. ಅದು ಪಾಸೋ ಫೇಲೋ ಎಂದು ಕೇಳಿ ಅಂಕಪಟ್ಟಿಯನ್ನೇ ತೆರೆಯದಂತೆ. ಅಂಕಪಟ್ಟಿ ಇರುವುದು ‘ಟೆಸ್ಟ್‌ರಿಸಲ್ಟ್’ ಎಂಬ ಆಬ್ಜೆಕ್ಟ್‌ನಲ್ಲಿ. ಎಷ್ಟು ಪರೀಕ್ಷೆ ಓಡಿದವು ಎಂದು ಅದನ್ನು ಕೇಳಬಹುದು. ‘ಫೇಲ್ಯೂರ್ಸ್’ ಕೇಳಿದರೆ ಒಂದು ಪಟ್ಟಿ ಕೊಡುತ್ತದೆ; ಅದರ ಪ್ರತಿ ನಮೂದಿನಲ್ಲೂ ಸೋತ ಪರೀಕ್ಷೆ, ಜೊತೆಗೆ ಸೋಲಿನ ವಿವರಣೆ. ‘ಎರರ್ಸ್’ ಬೇರೆಯೇ ಪಟ್ಟಿ. ಉತ್ತರ ತಪ್ಪಾದರೆ ಮೊದಲನೆಯದಕ್ಕೆ, ತಾಲ್ಲೂಕು ಪಟ್ಟಿಯ ಕಡತವೇ ಸಿಗದೆ ಪರೀಕ್ಷೆ ನಡುವೆ ಮುರಿದುಬಿದ್ದರೆ ಎರಡನೆಯದಕ್ಕೆ. ಇದು ಆಬ್ಜೆಕ್ಟ್ ಆದ್ದರಿಂದ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಬೇಕಾದ್ದನ್ನಷ್ಟೇ ಹೆಕ್ಕಬಹುದು. ಮುದ್ರಿತ ಪಠ್ಯದಲ್ಲಿ ಪದ ಹುಡುಕುವುದು ಕೈಲಾಗದವರ ದಾರಿ.

ಎರಡು ಕೊಪ್ಪಳಗಳನ್ನು ಹೋಲಿಸುವ ಪರೀಕ್ಷೆ ಸೋತಾಗ ಬರುವ ವಿವರಣೆ ಮಾತ್ರ ತಮಾಷೆಯಾಗಿದೆ: ‘ಕೊಪ್ಪಳ’ ‘ಕೊಪ್ಪಳ’ಕ್ಕೆ ಸಮವಲ್ಲ! ಅಕ್ಷರಗಳ ಸಂಕೇತ ಸಂಖ್ಯೆಗಳನ್ನು ಮುದ್ರಿಸಿದಾಗಲೇ ಗುಟ್ಟು ಹೊರಬೀಳುವುದು.

ಇನ್ನೊಂದು ಬಲೆಯೂ ಇದೆ. ‘ಎಲ್ಲ ಗೆದ್ದವೇ?’ ಎಂದು ಕೇಳಲು ಈ ಆಬ್ಜೆಕ್ಟ್‌ನಲ್ಲಿ ‘ವಾಸ್‌ಸಕ್ಸೆಸ್‌ಫುಲ್’ ಎಂಬ ವಿಧಾನವಿದೆ. ಒಂದೂ ಪರೀಕ್ಷೆ ಓಡದಿದ್ದರೂ ಅದು ‘ಹೌದು’ ಎನ್ನುತ್ತದೆ, ಏಕೆಂದರೆ ಸೋತದ್ದೇನೂ ಇಲ್ಲವಲ್ಲ. ಎಲ್ಲವನ್ನೂ ‘ಸ್ಕಿಪ್’ ಮಾಡಿದ್ದರೂ ಅದೇ ಉತ್ತರ. ಹಾಗಾಗಿ ಎಷ್ಟು ಓಡಿದವು, ಎಷ್ಟನ್ನು ಬಿಟ್ಟರು ಎಂಬುದನ್ನು ಕೇಳದೆ ಈ ‘ಹೌದು’ವನ್ನು ನಂಬುವಂತಿಲ್ಲ.

ಪರಿಹಾರ ಸುಲಭ. ಹೆಸರನ್ನು ಉಳಿಸುವಾಗಲೂ ಹುಡುಕುವಾಗಲೂ ಯೂನಿಕೋಡ್ ನಾರ್ಮಲೈಸೇಶನ್ ಮಾಡಿದರೆ ಎರಡು ರೂಪ ಒಂದಾಗುತ್ತವೆ. ಪೈಥಾನಿನಲ್ಲಿ ಅದು ಒಂದೇ ಸಾಲು. ಕನ್ನಡದ ತಂತ್ರಾಂಶ ಬರೆಯುವವರು ತಮ್ಮ ಪರೀಕ್ಷಾ ಪಟ್ಟಿಯಲ್ಲಿ ಕೊಪ್ಪಳವನ್ನು ಎರಡೂ ರೂಪದಲ್ಲಿ ಸೇರಿಸಿಕೊಳ್ಳಲಿ.