ಹುಟ್ಟದ ಎಂಜಿನ್ನಿಗೊಂದು ವಿಮಾನ

ಏರ್‌ಫಿಕ್ಸ್ ಕಂಪನಿಯ ಹಳೇ ನ್ಯಾಟ್ ಜೆಟ್ ವಿಮಾನದ ಮಾಡೆಲ್ ಕಿಟ್ಟನ್ನು ಅಂಟಿಸಿ ಮುಗಿಸಲು ಒಂದು ಸಂಜೆ ಸಾಕು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಿಂದ ಕೂಗಳತೆ ದೂರದ ಮನೆಯೊಂದರಲ್ಲಿ ಅದೇ ಕಿಟ್ ಮಳೆಗಾಲದಿಂದ ಮೇಜಿನ ಮೇಲೇ ಕೂತಿದೆ. ಅಂಗೈ ಅಗಲದ ವಿಮಾನ. ಬಾಲದ ತುದಿಯನ್ನು ಸಣ್ಣ ಗರಗಸದಲ್ಲಿ ಕೊಯ್ದು ತೆಗೆದಿದ್ದಾರೆ, ಆ ಜಾಗದಲ್ಲಿ ಬಾಲ್ ಪೆನ್ನಿನ ಮುಚ್ಚಳದ ತುಂಡು. ‘ಇದು ಆಫ್ಟರ್‌ಬರ್ನರ್’ ಅಂದರು ಮನೆಯ ಯಜಮಾನರು, ನಾನು ಕೇಳುವ ಮೊದಲೇ. ನಿವೃತ್ತ ಎಂಜಿನಿಯರ್. ಹೆಸರು ಬರೆಯಬೇಡಿ, ಬೇಕಾದರೆ ವಿಮಾನದ ಬಗ್ಗೆ ಎಷ್ಟಾದರೂ ಬರೆಯಿರಿ ಎಂಬುದು ಅವರ ಷರತ್ತು.

ನ್ಯಾಟಿಗೆ ಆಫ್ಟರ್‌ಬರ್ನರ್ ಇರಲಿಲ್ಲ. ಹಾಗಾಗಿ ಅವರು ಕಟ್ಟುತ್ತಿರುವುದು ಎಂದೂ ಇಲ್ಲದ ವಿಮಾನ. ಅವರ ಕಥೆಯ ಪ್ರಕಾರ 1961ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಒಂದು ನ್ಯಾಟನ್ನು ಹಾರುವ ಪ್ರಯೋಗಾಲಯ ಮಾಡಿಕೊಂಡಿತು. ತಾನೇ ಕಟ್ಟುತ್ತಿದ್ದ ಮಾರುತ ಯುದ್ಧವಿಮಾನಕ್ಕೆ ಹಾಕಬೇಕಿದ್ದ ಹೊಸ ಎಂಜಿನ್ ಆಕಾಶದಲ್ಲಿ ಹೇಗೆ ವರ್ತಿಸುತ್ತದೆ ಎಂದು ಮೊದಲು ಇದರಲ್ಲಿ ನೋಡೋಣ ಅಂತ.

ಮಾಡೆಲ್ ಕಟ್ಟುವವರಲ್ಲಿ ‘ವಾಟ್ ಇಫ್’ ಎಂಬ ಪಂಥವೇ ಇದೆ. ನನಗೆ ಅದರ ಮೇಲೆ ಅಂಥ ಗೌರವವಿರಲಿಲ್ಲ. ಸ್ಪಿಟ್‌ಫೈರಿಗೆ ಜೆಟ್ ಎಂಜಿನ್ ಹಾಕುವುದು, ಮದುವೆ ಚಪ್ಪರಕ್ಕೆ ಮಾವಿನ ತೋರಣ ಕಟ್ಟಿದ ಹಾಗೆ ರೆಕ್ಕೆಯುದ್ದಕ್ಕೂ ಕ್ಷಿಪಣಿ ಕಟ್ಟುವುದು, ಆಮೇಲೆ ಇಷ್ಟ ಬಂದ ದೇಶದ ಲಾಂಛನ ಅಂಟಿಸುವುದು. ಅದರಲ್ಲಿ ಯಾವ ಲೆಕ್ಕಾಚಾರವೂ ಕಾಣುವುದಿಲ್ಲ. ಈ ಮನೆಯಲ್ಲಿ ಇರುವುದೆಲ್ಲ ಲೆಕ್ಕಾಚಾರವೇ. ಅದಕ್ಕೇ ಚಹಾ ಕುಡಿದು ಹೊರಡಬೇಕಿದ್ದವನು ಕತ್ತಲಾಗುವವರೆಗೂ ಕೂತೆ.

ಮೊದಲ ತಕರಾರು ನಾನೇ ತೆಗೆದೆ. ಏರ್‌ಫಿಕ್ಸ್ ಕಿಟ್ಟಿನಲ್ಲಿರುವುದು ಎರಡು ಸೀಟಿನ ತರಬೇತಿ ನ್ಯಾಟ್, ಬ್ರಿಟಿಷ್ ವಾಯುಪಡೆಯ ರೆಡ್ ಆ್ಯರೋಸ್ ತಂಡ ಹಾರಿಸುತ್ತಿದ್ದುದು. ನಮ್ಮ ವಾಯುಪಡೆ ಹಾರಿಸಿದ್ದು ಒಂದೇ ಸೀಟಿನದು, 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳ ಬೆನ್ನು ಹತ್ತಿದ್ದೂ ಅದೇ. ಎರಡರ ರೆಕ್ಕೆಯೂ ಬೇರೆ, ಉದ್ದವೂ ಬೇರೆ. ಹಾಗಿದ್ದ ಮೇಲೆ ಹಿಂದಿನ ಸೀಟನ್ನು ಮುಚ್ಚಿ, ಪುಟ್ಟಿ ಹಚ್ಚಿ, ಉಜ್ಜಿ ಒಂದೇ ಸೀಟಿನದನ್ನಾಗಿ ಮಾಡಬೇಕಲ್ಲವೇ?

‘ಯಾಕ್ರೀ ಮುಚ್ಚಬೇಕು? ಪ್ರಯೋಗದ ವಿಮಾನಕ್ಕೆ ಉಪಕರಣ ಇಡೋಕೆ ಜಾಗ ಬೇಡವಾ?’ ಅಂದರು. ಅಷ್ಟಕ್ಕೂ ಆಫ್ಟರ್‌ಬರ್ನರ್ ಎಂದರೆ ಇಂಧನ ನುಂಗುವ ಬಕಾಸುರ. ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿಯಲ್ಲಿ ಇನ್ನೂ ಉಳಿದಿರುವ ಆಮ್ಲಜನಕಕ್ಕೆ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸುವುದು ಅದರ ಕೆಲಸ. ನೂಕುಬಲ ಏರುತ್ತದೆ, ಟ್ಯಾಂಕು ನೋಡನೋಡುತ್ತ ಖಾಲಿಯಾಗುತ್ತದೆ. ಉದ್ದ ಮೈಯ ತರಬೇತಿ ನ್ಯಾಟ್ ಆದರೆ ಹೆಚ್ಚುವರಿ ಟ್ಯಾಂಕಿಗೂ ಎಡೆ ಸಿಗುತ್ತದೆ. ಹಾಗಾಗಿ ಅವರ ಕಥೆಯಲ್ಲಿ ಎಚ್‌ಎಎಲ್ ಇಂಗ್ಲೆಂಡಿನಿಂದ ಒಂದು ತರಬೇತಿ ನ್ಯಾಟನ್ನು ಎರವಲು ತಂದಿದೆ. ಹಿಂದಿನ ಸೀಟು ಕಿತ್ತ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಕೊಯ್ದ ಮೂರು ಪೆಟ್ಟಿಗೆ, ಹಳೇ ಟೆಲಿಫೋನ್ ಕೇಬಲ್ಲಿನ ತಾಮ್ರದ ಎಳೆಗಳು, ಡಯಲ್ ಎನ್ನಬಹುದಾದ ಎರಡು ಬಿಳಿ ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದೆ. ಒಂದು ಡಯಲ್ಲಿಗೆ ಮುಳ್ಳೂ ಇದೆ.

ಗಾಳಿ ಒಳಹೋಗುವ ಬಾಯಿಯನ್ನೂ ಅವರು ಬಿಟ್ಟಿಲ್ಲ. ಎಂಜಿನ್ ದೊಡ್ಡದಾದರೆ ಉಸಿರೂ ಹೆಚ್ಚು ಬೇಕು ಎಂದು ಎರಡೂ ಪಕ್ಕದ ತುಟಿಗಳನ್ನು ಕೊಯ್ದು ಒಂದು ಮಿಲಿಮೀಟರ್ ದಪ್ಪದ ಪಟ್ಟಿ ಸೇರಿಸಿದ್ದಾರೆ. ಕಿಟ್ಟಿನ ಅಳತೆ 72ರಲ್ಲಿ ಒಂದು ಪಾಲು, ಅಂದರೆ ಒಂದು ಅಂಗುಲಕ್ಕೆ ಆರು ಅಡಿ. ಒಂದು ಮಿಲಿಮೀಟರ್ ನಿಜದಲ್ಲಿ ಏಳು ಸೆಂಟಿಮೀಟರ್ ದಾಟುತ್ತದೆ. ‘ಇನ್ನೊಂದು ಅರ್ಧ ಸೇರಿಸಿದರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ’ ಎಂದು ಉಗುರಿನಿಂದ ಆ ಸಂದನ್ನು ಸವರಿದರು. ಇಡೀ ವಿಮಾನವೇ ಸುಳ್ಳಾಗಿರುವಾಗ ಈ ಅರ್ಧ ಮಿಲಿಮೀಟರಿನ ಸತ್ಯನಿಷ್ಠೆ ನನಗೆ ಬಹಳ ಹಿಡಿಸಿತು.

ಬಾಲಕ್ಕೆ ಭಾರ ಬಿದ್ದದ್ದರಿಂದ ಮಾಡೆಲ್ ಹಿಂದಕ್ಕೆ ಕುಕ್ಕರಿಸುತ್ತಿತ್ತಂತೆ. ಮೂತಿಯೊಳಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿದ್ದಾರೆ. ನಿಜವಾದ ವಿಮಾನಕ್ಕೂ ಬಾಲದಲ್ಲಿ ಭಾರದ ಎಂಜಿನ್ ಹಾಕಿದ್ದರೆ ಮೂತಿಗೆ ಭಾರ ತುಂಬಲೇಬೇಕಿತ್ತು. ಅದನ್ನೂ ಕಥೆಗೆ ಸೇರಿಸಿಕೊಂಡಿದ್ದಾರೆ. ಚಕ್ರಗಳು ಪೂರ್ತಿ ಇಳಿದಿಲ್ಲ, ಅರ್ಧಕ್ಕೆ ನಿಂತಿವೆ. ಇದು ಮಾತ್ರ ಕಲ್ಪನೆಯಲ್ಲ. ನ್ಯಾಟಿಗೆ ಬೇರೆ ಏರ್‌ಬ್ರೇಕ್ ಇರಲಿಲ್ಲ, ಹಾರುವಾಗ ಚಕ್ರಗಳನ್ನೂ ಅವುಗಳ ಬಾಗಿಲನ್ನೂ ಅರ್ಧ ಇಳಿಸಿದರೆ ಅವೇ ಬ್ರೇಕು. ಒಂದೇ ಭಾಗಕ್ಕೆ ಎರಡು ಕೆಲಸ ಹೊರಿಸುವ ಈ ಜಿಪುಣತನ ವಿನ್ಯಾಸಕಾರ ಪೆಟರ್ ಅವರದು. ಕ್ಯಾನ್‌ಬೆರಾ ಬಾಂಬರಿನ ಪಿತಾಮಹನೂ ಅವರೇ. ನ್ಯಾಟ್ ಆದ ಮೇಲೆ ವಿಮಾನಗಳ ಸಹವಾಸವನ್ನೇ ತೊರೆದು ಸ್ವಿಟ್ಜರ್ಲೆಂಡಿನ ಧಾರ್ಮಿಕ ಸಮುದಾಯವೊಂದನ್ನು ಸೇರಿಕೊಂಡರು.

ನನ್ನ ಮುಖದಲ್ಲಿ ಇನ್ನೂ ಅನುಮಾನ ಉಳಿದಿತ್ತೇನೋ. ‘ನ್ಯಾಟಿನ ಎಂಜಿನ್ನನ್ನೂ ಬಾಲದ ರೆಕ್ಕೆಯನ್ನೂ ದೋಣಿಗೆ ಹಾಕಿದ್ದಾರೆ, ನಂದೇನು ಮಹಾ’ ಅಂದರು. ನಿಜ. ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ ತಮ್ಮ ಬ್ಲೂಬರ್ಡ್ ವೇಗದ ದೋಣಿಗೆ ನ್ಯಾಟಿನ ಆರ್ಫಿಯಸ್ ಎಂಜಿನ್ ಕೂರಿಸಿ, ಹಿಂದೆ ಅದರದೇ ಬಾಲದ ರೆಕ್ಕೆ ನಿಲ್ಲಿಸಿದ್ದರು. 1967ರ ಜನವರಿ 4ರಂದು ಕಾನಿಸ್ಟನ್ ಸರೋವರದ ಮೇಲೆ ಗಂಟೆಗೆ 300 ಮೈಲಿ ಮೀರಿದ ವೇಗದಲ್ಲಿ ದೋಣಿ ಮೇಲೆದ್ದು ಪಲ್ಟಿ ಹೊಡೆಯಿತು, ಕ್ಯಾಂಪ್‌ಬೆಲ್ ಉಳಿಯಲಿಲ್ಲ.

ಅಸಲು ಕಥೆ ಈ ಆರ್ಫಿಯಸ್ಸಿನದೇ. ಬ್ರಿಸ್ಟಲ್ ಕಂಪನಿಯ ಪುಟ್ಟ, ಗಟ್ಟಿ ಎಂಜಿನ್. ನಮ್ಮ ನ್ಯಾಟಿನಲ್ಲಿ ಒಂದು, ಮಾರುತದಲ್ಲಿ ಎರಡು. ಬೀದರಿನ ಸೂರ್ಯಕಿರಣ ತಂಡ 2011ರವರೆಗೆ ಹಾರಿಸುತ್ತಿದ್ದ ಕಿರಣ್ ಮಾರ್ಕ್ 2 ವಿಮಾನಗಳಲ್ಲೂ ಅದೇ. ಆಗೆಲ್ಲ ಏರೋ ಇಂಡಿಯಾ ಸಮಯದಲ್ಲಿ ಯಲಹಂಕದ ಆಕಾಶದಲ್ಲಿ ಆ ಒಂಬತ್ತು ವಿಮಾನಗಳನ್ನು ನೋಡಿದವರು ಆರ್ಫಿಯಸ್ಸಿನ ದನಿಯನ್ನು ಕೇಳಿಯೇ ಇರುತ್ತಾರೆ.

ಮಾರುತದ ಪ್ರವರ ಓದುಗರಿಗೆ ಹೊಸದಲ್ಲ. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದರು, 1959ರಲ್ಲಿ ಮರದ ಗ್ಲೈಡರ್ ಹಾರಿತು, 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಮಾರುತವನ್ನು ಎಚ್‌ಎಎಲ್ ನಿಲ್ದಾಣದಿಂದ ಮೇಲಕ್ಕೆತ್ತಿದರು. ಕೇಳಿದ್ದು ಶಬ್ದದ ಎರಡು ಪಟ್ಟು ವೇಗ. ಅದಕ್ಕೆಂದು ನೆಚ್ಚಿಕೊಂಡಿದ್ದು ಆರ್ಫಿಯಸ್ಸಿನ ಹನ್ನೆರಡನೇ ರೂಪವನ್ನು, ಆಫ್ಟರ್‌ಬರ್ನರ್ ಸೇರಿ 8,170 ಪೌಂಡ್ ನೂಕುಬಲದ್ದು. ಅದನ್ನು ಪೂರ್ಣಗೊಳಿಸಲು ಬ್ರಿಸ್ಟಲ್ ಹಣ ಕೇಳಿತು, ದಿಲ್ಲಿ ಕೊಡಲಿಲ್ಲ. ಕೊನೆಗೆ ಮಾರುತಕ್ಕೆ ಗತಿಯಾದದ್ದು ಆಫ್ಟರ್‌ಬರ್ನರ್ ಇಲ್ಲದ, 4,850 ಪೌಂಡಿನ ಆರ್ಫಿಯಸ್ 703. ಟ್ಯಾಂಕ್ ಕೆತ್ತಿದ ಮೈಕಟ್ಟಿಗೆ ಶಬ್ದದ ವೇಗವನ್ನು ಮುಟ್ಟುವಷ್ಟರಲ್ಲಿ ಏದುಸಿರು. ಈ ಪಾಪವನ್ನು ಕುರ್ಟ್ ಟ್ಯಾಂಕರ ತಲೆಗೆ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಪ್ಪು ನಕ್ಷೆಯದ್ದಲ್ಲ, ಕಡತದ್ದು.

ಇದೇ ಹನ್ನೆರಡನೇ ಆರ್ಫಿಯಸ್ಸನ್ನು ನಂಬಿ ನ್ಯಾಟಿನ ಮಾರ್ಕ್ 2 ಕೂಡ ಯೋಜನೆಯಲ್ಲಿತ್ತು ಎಂಬುದೇ ನಮ್ಮ ಎಂಜಿನಿಯರರ ಕಲ್ಪನೆಗೆ ಸಿಕ್ಕಿದ ಎಳೆ. ನ್ಯಾಟಿನ ಹೊಟ್ಟೆಗೆ ಆ ಎಂಜಿನ್ ಹಿಡಿಸುತ್ತದೆ ಎಂದು ಅದನ್ನು ಕಟ್ಟಿದವರೇ ಲೆಕ್ಕ ಹಾಕಿದ್ದರು. ಅಲ್ಲಿಂದ ಬೆಂಗಳೂರಿನ ಪ್ರಯೋಗ ವಿಮಾನಕ್ಕೆ ಒಂದೇ ನೆಗೆತ.

ನನಗೆ ಮಾತ್ರ ಕಲ್ಪನೆಗಿಂತ ಹೆಚ್ಚು ಹುಚ್ಚು ಹಿಡಿಸಿದ್ದು ನಿಜವಾಗಿ ನಡೆದದ್ದು. ಬೇರೆ ಎಂಜಿನ್ ಹುಡುಕುತ್ತ ಭಾರತ ಈಜಿಪ್ಟಿನ ಬಾಗಿಲಿಗೆ ಹೋಯಿತು. ಅಲ್ಲಿ ನಾಸೆರ್ ಕಾಲದಲ್ಲಿ, ಮೆಸ್ಸರ್‌ಸ್ಮಿಟ್ ವಿನ್ಯಾಸದ ಎಚ್‌ಎ-300 ಎಂಬ ಪುಟ್ಟ ಯುದ್ಧವಿಮಾನ ತಯಾರಾಗುತ್ತಿತ್ತು. ಅದಕ್ಕೆ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ ಮಾಡುತ್ತಿದ್ದರು. ಎಂಜಿನ್ ಸಿದ್ಧವಾಗುವವರೆಗೆ ಆ ವಿಮಾನ ಹಾರಿದ್ದು ನಮ್ಮ ಮಾರುತದ ಆರ್ಫಿಯಸ್ 703ರಲ್ಲಿ. 1964ರ ಮಾರ್ಚ್ 7ರಂದು ಅದನ್ನು ಮೊದಲ ಸಲ ಹಾರಿಸಿದ್ದು ಭಾರತೀಯ ಪೈಲಟ್ ಕಪಿಲ್ ಭಾರ್ಗವ. ಇತ್ತ ನಮ್ಮ ಮಾರುತವೊಂದು ಈಜಿಪ್ಟಿಗೆ ಹೋಯಿತು. ಅದರ ಒಂದು ಆರ್ಫಿಯಸ್ಸನ್ನು ತೆಗೆದು ಇ-300 ಕೂರಿಸಿದರು. ಒಂದು ಪಕ್ಕ ಬ್ರಿಟಿಷ್ ಎಂಜಿನ್, ಇನ್ನೊಂದು ಪಕ್ಕ ಅದಕ್ಕಿಂತ ಬಹಳ ಬಲಶಾಲಿಯಾದ ಈಜಿಪ್ಟಿನದು. ಒಂದು ಕಡೆಗೆ ಎಳೆಯುವ ವಿಮಾನವನ್ನು ನೆಟ್ಟಗಿಡಲು ಪೈಲಟ್ಟಿನ ಕಾಲು ಚುಕ್ಕಾಣಿಯ ಮೇಲೇ ಇರಬೇಕು. 1967ರ ಮಾರ್ಚ್ 29ರಂದು ಅದು ಹಾರಿಯೂ ಬಿಟ್ಟಿತು. ಎರಡೇ ತಿಂಗಳಿಗೆ ಇಸ್ರೇಲಿನೊಡನೆ ಯುದ್ಧ, 1969ರಲ್ಲಿ ಎಚ್‌ಎ-300 ಯೋಜನೆಯೇ ಬಂದ್. ಇ-300 ಹಾಕಿದ ಎಚ್‌ಎ-300 ರನ್‌ವೇ ಮೇಲೆ ಓಡಿತು, ಮೇಲೇಳಲಿಲ್ಲ. ಅವರ ವಿಮಾನ ಹಾರಿದ್ದು ನಮ್ಮ ಮಾರುತದ ಎಂಜಿನ್ನಿನಲ್ಲಿ, ಅವರ ಎಂಜಿನ್ ಹಾರಿದ್ದು ನಮ್ಮ ಮಾರುತದಲ್ಲಿ. ಸಾಕಿಕೊಂಡ ಮಕ್ಕಳ ಈ ಅದಲುಬದಲನ್ನು ಯಾವ ಕಾದಂಬರಿಕಾರನಾದರೂ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಆ ಎರಡು ಎಂಜಿನ್ನಿನ ವಿಚಿತ್ರವನ್ನೇ ಮಾಡೆಲ್ ಮಾಡಿ ಎಂದು ಎಂಜಿನಿಯರರ ಬೆನ್ನು ಬಿದ್ದೆ. ‘ಅದು ನಡೆದದ್ದಲ್ವಾ, ಅದರಲ್ಲಿ ನನಗೇನು ಕೆಲಸ?’ ಎಂದುಬಿಟ್ಟರು.

ಆಫ್ಟರ್‌ಬರ್ನರ್ ಹಂಬಲ ಅಲ್ಲಿಗೂ ಮುಗಿಯಲಿಲ್ಲ. 703ಕ್ಕೇ ಅದನ್ನು ಜೋಡಿಸುವ ಕೆಲಸ ಬೆಂಗಳೂರಿನಲ್ಲೇ, ಜಿಟಿಆರ್‌ಇ ಎಂಬ ಎಂಜಿನ್ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು. ಹಾಗೆ ಮಾರ್ಪಡಿಸಿದ ಮಾರುತದಲ್ಲೇ 1970ರ ಜನವರಿ 10ರಂದು ಸುರಂಜನ್ ದಾಸ್ ತೀರಿಕೊಂಡರು. ದಿನಾ ಅವರ ಹೆಸರಿನ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬೈದುಕೊಳ್ಳುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ. ಪೆನ್ನಿನ ಮುಚ್ಚಳ ತೋರಿಸುವಾಗ ಎಂಜಿನಿಯರರು ಈ ಮಾತಿಗೆ ಬಂದು ಸ್ವಲ್ಪ ಹೊತ್ತು ಬೇರೇನೋ ಹುಡುಕುವವರ ಹಾಗೆ ಡಬ್ಬಿ ತಡಕಾಡಿದರು.

ಬಣ್ಣದ ಫಜೀತಿ ಇನ್ನೂ ಬಾಕಿ. ಇವರ ಕಿಟ್ ಕೆಂಪು ಪ್ಲಾಸ್ಟಿಕ್ಕಿನದು. ಮೇಲೆ ಬಿಳಿ ಬಳಿದರೆ ವಾರದೊಳಗೆ ಒಳಗಿನ ಕೆಂಪು ಇಣುಕಿ ವಿಮಾನ ನಸುಗುಲಾಬಿಯಾಗುತ್ತದೆ. ಅದಕ್ಕೆ ಮೊದಲು ಬೆಳ್ಳಿ ಬಣ್ಣದ ಒಂದು ಪದರ ಹೊಡೆಯುತ್ತಾರೆ. ಇಲ್ಲಿ ಬೆಳ್ಳಿಯೇ ಕೊನೆಯ ಬಣ್ಣವೂ ಹೌದು, ಬಣ್ಣ ಬಳಿಯದ ಅಲ್ಯೂಮಿನಿಯಂ ಮೈಯ ಹಾಗೆ ಕಾಣಲು. ಹಳದಿಗಟ್ಟಿದ ಡಿಕಾಲ್ ಹಾಳೆಯನ್ನು ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ ಬಿಸಿಲಿಗೆ ಬಿಟ್ಟಿದ್ದಾರೆ, ಹಳದಿ ಬಿಟ್ಟುಕೊಳ್ಳಲಿ ಎಂದು. ಆದರೆ ಅದರಲ್ಲಿ ಇರುವುದು ಬ್ರಿಟಿಷ್ ಲಾಂಛನ, ಬೇಕಾಗಿರುವುದು ಕೇಸರಿ, ಬಿಳಿ, ಹಸಿರಿನ ಚಕ್ರ. ಅದನ್ನು ಮೊಮ್ಮಗಳು ಮನೆಯ ಪ್ರಿಂಟರಿನಲ್ಲಿ ತೆಗೆದುಕೊಡುತ್ತೇನೆ ಎಂದಿದ್ದಾಳಂತೆ. ‘ಮತ್ತೆ ಬ್ರಿಟಿಷ್‌ದು ಯಾಕೆ ಬಿಸಿಲಿಗೆ?’ ಎಂದೆ. ರೆಕ್ಕೆಯ ಮೇಲಿನ ‘ಇಲ್ಲಿ ಕಾಲಿಡಬೇಡಿ’ ಎಂಬ ಸಾಸಿವೆ ಕಾಳಿನಷ್ಟು ಅಕ್ಷರಗಳು ಬೇಕಂತೆ.

ಪ್ರದರ್ಶನದಲ್ಲಿ ಮಾಡೆಲ್ಲಿನ ಮುಂದೆ ಇಡಲು ಒಂದು ಕಾರ್ಡ್ ಬರೆದಿಟ್ಟಿದ್ದಾರೆ. ಕಥೆ 1963ಕ್ಕೆ ನಿಲ್ಲುತ್ತದೆ. ಇಂಗ್ಲೆಂಡಿನಿಂದ ಎರಡನೇ ಎಂಜಿನ್ ಬರಲಿಲ್ಲ, ಹಣ ಮಂಜೂರಾಗಲಿಲ್ಲ, ಯೋಜನೆ ಕೈಬಿಡಲಾಯಿತು. ನನಗೆ ತಡೆಯಲಾಗಲಿಲ್ಲ. ಸುಳ್ಳು ಕಥೆಯಲ್ಲೂ ದಿಲ್ಲಿಯ ಕೈಯಿಂದ ಆ ನಾಲ್ಕು ಕಾಸು ಬಿಡಿಸಲಾಗಲಿಲ್ಲವೇ ಸ್ವಾಮಿ ಎಂದು ಜಗಳಕ್ಕೇ ನಿಂತೆ.

‘ದುಡ್ಡು ಸಿಕ್ಕಿದ್ದರೆ ಎಂಜಿನ್ ಮಾರುತಕ್ಕೆ ಹೋಗ್ತಿತ್ತು’ ಅಂದರು. ‘ಇದನ್ನ ಯಾವುದೋ ಎಂಜಿನಿಯರಿಂಗ್ ಕಾಲೇಜಿಗೆ ದಾನ ಮಾಡಿರೋರು. ಆಗ ತುಕ್ಕು ಬಳಿಯಬೇಕು, ಚಕ್ರಕ್ಕೆ ಇಟ್ಟಿಗೆ ಇಡಬೇಕು. ಈ ಅಳತೆಯಲ್ಲಿ ಇಟ್ಟಿಗೆ ಎಷ್ಟು ಚಿಕ್ಕದು ಗೊತ್ತೇನ್ರೀ?’